ದರ್ಶನಕ್ಕೆ ಹೋಗಿದ್ದೆ

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುವವನು ಬೀದಿಗೆ ಮುಖ ಮಾಡಿ ಕೂರುತ್ತಾನೆ. ಬಾರಿಗೆ ಬಂದವನು ಗೋಡೆಗೆ ಮುಖ ಮಾಡಿ ಕೂರುತ್ತಾನೆ. 1997ರಿಂದ ಜಿಲ್ಲಾ ಕೇಂದ್ರವಾಗಿರುವ ದೊಡ್ಡ ಊರು ನಮ್ಮದು ನಿಜ. ಆದರೆ ಬಾರಿನ ಮೆಟ್ಟಿಲು ಹತ್ತುವಾಗ ಅದು ಎರಡೇ ಓಣಿಯ ಹಳ್ಳಿಯಾಗುತ್ತದೆ. ಎಲ್ಲಿಂದಲೋ ಒಬ್ಬರು "ಏನ್ ಮೇಷ್ಟ್ರೇ, ಆರಾಮಾ?" ಅಂದೇ ಅನ್ನುತ್ತಾರೆ.

ಅದಕ್ಕೇ ನಾನು ಹರಿಹರದ ಬಸ್ಸು ಹತ್ತುವುದು. ಹಳೇ ಪಿ.ಬಿ. ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರು. ಮನೆಯಲ್ಲಿ ಹೇಳುವುದಕ್ಕೂ ಸಲೀಸು: "ಹರಿಹರೇಶ್ವರನ ದರ್ಶನ." ಪೂರ್ತಿ ಸುಳ್ಳೂ ಅಲ್ಲ, ಮೊದಲು ಗುಡಿಗೇ ಹೋಗುತ್ತೇನೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಳಗೆ ಒಂದೇ ಮೈಯಲ್ಲಿ ಅರ್ಧ ಹರ, ಅರ್ಧ ಹರಿ. ಹಗಲು ಗಣಿತದ ಮೇಷ್ಟ್ರು, ಶನಿವಾರ ರಾತ್ರಿ ಬರೀ ಗಿರಾಕಿಯಾಗುವ ನನ್ನನ್ನು ಇವನಲ್ಲದೆ ಇನ್ಯಾವ ದೇವರು ಅರ್ಥ ಮಾಡಿಕೊಂಡಾನು?

ಹೀಗೆ ಒಂದು ಶನಿವಾರ ಕೂತಿದ್ದೆ. ಪಕ್ಕದ ಟೇಬಲ್ಲಿನವರು ಮೆನು ಕಾರ್ಡನ್ನು ಮುಖಕ್ಕೆ ಒತ್ತಿ ಹಿಡಿದು ಓದುತ್ತಿದ್ದರು. ಕಾರ್ಡು ತಲೆಕೆಳಗಾಗಿತ್ತು. ಅದರ ಅಂಚಿನಲ್ಲಿ ಕಂಡ ಬೋಳುತಲೆ ದಾವಣಗೆರೆ ವಿದ್ಯಾನಗರದ ನಮ್ಮ ಬೀಗರದು.

"ದರ್ಶನಕ್ಕೆ ಬಂದಿದ್ದೆ," ಅಂದರು ಬೀಗರು.

"ನಾನೂ," ಅಂದೆ.

ಬಿಲ್ಲು ತಂದ ಹುಡುಗ ಸಮಾಧಾನ ಹೇಳಿದ: "ಹೆದರಬ್ಯಾಡ್ರಿ ಸಾರ್. ಹರಿಹರದೋರು ಯಾರೂ ಇಲ್ಲಿಗೆ ಬರಲ್ಲ, ಅವರೆಲ್ಲ ದಾವಣಗೆರೆಗೆ ಹೋಗ್ತಾರೆ. ಇಲ್ಲಿ ಕೂತೋರೆಲ್ಲ ನಿಮ್ಮೂರೋರೇ."

ಹೋದ ವರ್ಷ ಮಗನ ಮನೆಗೆಂದು ಬರ್ಲಿನ್ನಿಗೆ ಹೋದೆ. ರಾತ್ರಿಗೆ ಬಾಗಿಲೇ ಇಲ್ಲದ ಊರು ಅದು. ಯುದ್ಧ ಮುಗಿದ ಮೇಲೆ ಪೂರ್ವ ಬರ್ಲಿನ್ನು ಬಾರುಗಳನ್ನು ಒಂದು ತಾಸು ಹೆಚ್ಚು ತೆರೆದರೆ ಪಶ್ಚಿಮ ಬರ್ಲಿನ್ನು ಇನ್ನೊಂದು ತಾಸು ಹೆಚ್ಚಿಸುತ್ತಿತ್ತಂತೆ, ಗಿರಾಕಿಗಳನ್ನು ಎಳೆಯಲು. ಕೊನೆಗೆ 1949ರಲ್ಲಿ ಹೈನ್ಸ್ ಝೆಲ್ಲರ್‌ಮಾಯರ್ ಎಂಬ ಹೋಟೆಲ್ ಮಾಲೀಕ ಅಮೆರಿಕದ ಸೇನಾಧಿಕಾರಿಯನ್ನು ಒಪ್ಪಿಸಿ, ಪಶ್ಚಿಮ ಬರ್ಲಿನ್ನಿನಲ್ಲಿ ಮುಚ್ಚುವ ಹೊತ್ತನ್ನೇ ತೆಗೆಸಿಹಾಕಿದ. ಒಪ್ಪಿಸಲು ಹೋದಾಗ ಕೈಯಲ್ಲಿ ವಿಸ್ಕಿ ಬಾಟಲಿ ಇತ್ತು ಅನ್ನುತ್ತಾರೆ. ಅರ್ಜಿ ಬರೆಯುವ ಕಲೆ ಎಂದರೆ ಅದು.

ಅಲ್ಲಿ ಜನ ಫುಟ್‌ಪಾತಿನಲ್ಲಿ, ಸೇತುವೆ ಮೇಲೆ ಕೂತು ಬಿಯರು ಕುಡಿಯುತ್ತಾರೆ. ಅಂಗಡಿಗೆ ಖಾಲಿ ಬಾಟಲಿ ಕೊಟ್ಟರೆ ಎಂಟು ಸೆಂಟು ವಾಪಸ್ಸು. ಮಗನೇ ನನಗೊಂದು ಬಾಟಲಿ ಕೊಟ್ಟ. ಅಭ್ಯಾಸಬಲದಿಂದ ಗೋಡೆ ಹುಡುಕಿದೆ, ಸಿಗಲಿಲ್ಲ. ಮಗನನ್ನು ಬಿಟ್ಟರೆ ಸುತ್ತಮುತ್ತ ಏಳು ಸಾವಿರ ಕಿಲೋಮೀಟರಿನಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಮುಚ್ಚಿಡಲು ಏನೂ ಇಲ್ಲದ ಆ ಬಿಯರು ಉಪ್ಪಿಲ್ಲದ ಮಂಡಕ್ಕಿಯಂತೆ ಗಂಟಲಲ್ಲಿ ಇಳಿಯಿತು.

ರಾತ್ರಿ ಒಂದಕ್ಕೆ ಮಗ ಒಂದು ಕ್ಲಬ್ಬಿಗೆ ಕರೆದೊಯ್ದ. ಚಳಿಯಲ್ಲಿ ಮಾರುದ್ದ ಸಾಲು. ಬಾಗಿಲ ಬಳಿ ಒಬ್ಬ ದಾಂಡಿಗ ಒಳಗೆ ಬಿಟ್ಟವರ ಫೋನು ಇಸಿದುಕೊಂಡು, ಕ್ಯಾಮೆರಾದ ಕಣ್ಣಿಗೆ ಚೀಟಿ ಅಂಟಿಸುತ್ತಿದ್ದ.

"ಯಾಕಪ್ಪಾ?" ಅಂದೆ.

"ಒಳಗೆ ಯಾರು ಯಾರು ಇದ್ರು ಅಂತ ಹೊರಗೆ ಗೊತ್ತಾಗಬಾರದಲ್ಲಪ್ಪಾ, ಅದಕ್ಕೆ."

ನನಗೆ ಮೊದಲ ಬಾರಿ ಆ ಊರು ನಮ್ಮದೆನಿಸಿತು. ಬೀದಿಯಲ್ಲಿ ಏನೇ ಕುಡಿಯಲಿ, ಇವರಿಗೂ ಎಲ್ಲೋ ಒಬ್ಬ ಬೀಗ ಇದ್ದಾನೆ! ಅಷ್ಟರಲ್ಲಿ ದಾಂಡಿಗ ನನ್ನ ಮಂಗನ ಟೋಪಿಯನ್ನು ಹೆಣ್ಣು ನೋಡಲು ಬಂದವರಂತೆ ಮೇಲಿಂದ ಕೆಳಗೆ ನೋಡಿ, ಬೇಡ ಎಂದು ತಲೆಯಾಡಿಸಿದ. ಮಗನಿಗೆ ಅವಮಾನ. ನನಗೆ ಹಸಿವು, ಆ ಹೊತ್ತಿನಲ್ಲಿ ಬಿಸಿ ಮಿರ್ಚಿ ಎಲ್ಲಿ ಸಿಗಬೇಕು?

ಊರಿಗೆ ಬಂದ ಶನಿವಾರವೇ ಹರಿಹರಕ್ಕೆ ಹೋದೆ. ಬೀಗರು ಆಗಲೇ ಕೂತಿದ್ದರು. ಈಗ ಮೆನು ಕಾರ್ಡು ನೆಟ್ಟಗಿತ್ತು.

"ಬರ್ಲಿನ್ ಹೆಂಗಿತ್ತು ಬೀಗ್ರೇ?"

"ಥೇಟ್ ಹರಿಹರ," ಅಂದೆ. "ದರ್ಶನ ಮಾತ್ರ ಸಿಗಲಿಲ್ಲ."