ಮಿಸ್, ಇನ್ನೊಂದ್ಸಲ!

ಭಾನುವಾರ ರಾತ್ರಿ ಊಟ ಆದ್ಮೇಲೆ ನೀವು ಏನು ಮಾಡ್ತೀರಿ ಅಂತ ಹೇಳಲಾ ಮಿಸ್? ಪಾಠ ಯೋಜನೆ ಪುಸ್ತಕ ತೆಗೀತೀರಿ. ಸ್ಕೇಲ್ ಇಟ್ಟು ಗೆರೆ ಎಳೀತೀರಿ. ಕೆಂಪು ಪೆನ್ನಲ್ಲಿ ಹೆಡ್ಡಿಂಗು, ನೀಲಿ ಪೆನ್ನಲ್ಲಿ ಕಲಿಕಾ ಫಲ. ಸೋಮವಾರಕ್ಕೊಂದು ಕಥೆ, ಮಂಗಳವಾರಕ್ಕೆ ಇನ್ನೊಂದು, ಬುಧವಾರಕ್ಕೆ ಮತ್ತೊಂದು. ಆಮೇಲೆ ಪುಸ್ತಕಾನ ಸ್ವಲ್ಪ ದೂರ ಹಿಡಿದು ನೋಡಿ ನೀವೇ ಖುಷಿ ಪಡ್ತೀರಿ. (ಸುಳ್ಳಾ?)

ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಈ ಪ್ಲಾನು ಯಾರಿಗೆ? ಸಿಆರ್‌ಪಿ ತಪಾಸಣೆಗೆ ಬಂದ್ರೆ ತೋರಿಸೋಕೆ. ಒಂದನೇ ಕ್ಲಾಸಿನ ಪುಟ್ಟಂಗೆ ನಿಮ್ಮ ಕೆಂಪು ಹೆಡ್ಡಿಂಗು ಕಟ್ಕೊಂಡು ಏನಾಗ್ಬೇಕು? ಸೋಮವಾರದ ಕಥೆ ಮುಗೀತಿದ್ದಂಗೇ ಅವನು ಹೇಳೋದು ಒಂದೇ ಮಾತು: ‘ಮಿಸ್, ಇನ್ನೊಂದ್ಸಲ!’

ಅಲ್ಲಿಗೆ ನಿಮ್ಮ ಮುಖ ಸಪ್ಪೆ. ಇದೇ ಕಥೇನಾ? ಮತ್ತೆ? ನಿಜ ಹೇಳಿ, ಬೋರ್ ಆಗೋದು ಮಕ್ಕಳಿಗಲ್ಲ, ನಿಮಗೆ. ‘ಬಂಗಾರದ ಮನುಷ್ಯ’ ಸಿನಿಮಾ ಬಂದಿದ್ದು 1972ರಲ್ಲಿ. ಟೀವೀಲಿ ಹಾಕಿದಾಗಲೆಲ್ಲ ಒಲೆ ಮೇಲಿನ ಹಾಲು ಮರೆತು ನೋಡ್ತೀರಲ್ಲ, ಕೊನೇಲಿ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ?

ಪುಟ್ಟನೂ ಹಂಗೇ. ಮೊದಲನೇ ಸಲ ಅವನಿಗೆ ಮುಂದೇನಾಯ್ತು ಅನ್ನೋದೇ ಚಿಂತೆ. ಎರಡನೇ ಸಲ ಚಿತ್ರದ ಮೂಲೇಲಿರೋ ಇರುವೆ ಕಾಣುತ್ತೆ. ಮೂರನೇ ಸಲ ನೀವು ಬಾಯಿ ತೆಗೆಯೋಕೆ ಮೊದಲೇ ಮುಂದಿನ ಸಾಲು ಅವನೇ ಹೇಳ್ತಾನೆ. ಆಮೇಲೊಂದು ದಿನ ಸುಮ್ನೆ ಎದ್ದು ಬಂದು ಅಕ್ಷರದ ಮೇಲೆ ಬೆರಳಿಡ್ತಾನೆ. ನೀವು ಮಂಗಳವಾರವೇ ಹೊಸ ಪುಸ್ತಕಕ್ಕೆ ಹಾರಿದ್ರೆ ಆ ಬೆರಳು ಬರೋದೇ ಇಲ್ಲ.

ಹಂಗಾದ್ರೆ ವಾರಪೂರ್ತಿ ಒಂದೇ ಕಥೇನಾ? ಹೂಂ. ಕಾಗಕ್ಕ ಗುಬ್ಬಕ್ಕನ್ನೇ ತಗೊಳ್ಳಿ. ಕಾಗಕ್ಕಂದು ಸಗಣಿ ಮನೆ, ಗುಬ್ಬಕ್ಕಂದು ಕಲ್ಲಿನ ಮನೆ. ಮಳೆ ಬಂತು, ಸಗಣಿ ಮನೆ ಕರಗ್ತು. ಕಾಗಕ್ಕ ನೆನಕೊಂಡು ಬಂದು ಬಾಗಿಲು ಬಡೀತಾಳೆ. ಒಳಗಿಂದ ಗುಬ್ಬಕ್ಕ ಮಗೂಗೆ ಸ್ನಾನ, ಮಗೂಗೆ ಊಟ, ಮಗೂಗೆ ನಿದ್ದೆ ಅಂತ ಒಂದೊಂದೇ ನೆಪ ತೆಗೀತಾಳೆ. (ನಿಮ್ಮಜ್ಜಿ ಬೇರೆ ಥರ ಹೇಳ್ತಿದ್ರಾ? ಹಂಗೇ ಹೇಳಿ. ಈ ಕಥೆಗೆ ಊರಿಗೊಂದು ಅವತಾರ.)

ಪುಸ್ತಕ ಇಲ್ಲ ಅಂತೀರಾ? ಡ್ರಾಯಿಂಗ್ ಶೀಟ್ ಮಡಚಿ ಹೊಲೀರಿ, ದಪ್ಪ ಮಾರ್ಕರಲ್ಲಿ ಪುಟಕ್ಕೊಂದು ಸಾಲು ಬರೀರಿ, ಚಿತ್ರ ಮಕ್ಕಳೇ ಬರೀಲಿ. ಬೇರೆ ಕಥೆ ಬೇಕಾದ್ರೆ ಪ್ರಥಮ್ ಬುಕ್ಸ್‌ನೋರ ಸ್ಟೋರಿವೀವರ್ ವೆಬ್‌ಸೈಟು 2015ರಿಂದ ಇದೆ, ಕನ್ನಡದ ಕಥೆಗಳೂ ಅಲ್ಲಿ ಪುಕ್ಕಟೆ. ಇನ್ನು ನಿಮ್ಮ ಸ್ಕೂಲಿನ ಬೀರು? ಪುಸ್ತಕ ಒಳಗಿವೆ, ಸ್ಟಾಕ್ ರಿಜಿಸ್ಟರಲ್ಲೂ ಇವೆ. ಕೀಲಿ ಹೆಡ್‌ಮಾಸ್ಟರ ಹತ್ರ. ಹೆಡ್‌ಮಾಸ್ಟರು ಮೀಟಿಂಗಲ್ಲಿ!

ಈಗ ಆಕ್ಟಿವಿಟಿ. ನಿಮ್ಮ ಕೈ ಆಗಲೇ ಥರ್ಮಾಕೋಲ್ ಕಡೆ ಹೋಯ್ತು, ನೋಡ್ದೆ. ಬಿಡಿ ಅದನ್ನ. ಒಂದು ಮಣ್ಣಿನ ಮನೆ, ಒಂದು ಕಲ್ಲಿನ ಮನೆ, ಒಂದು ಚೊಂಬು ನೀರು ಸಾಕು. ಯಾವುದು ಕರಗುತ್ತೆ ಅಂತ ಮೊದಲು ಮಕ್ಕಳು ಹೇಳಲಿ, ಆಮೇಲೆ ನೀರು ಹುಯ್ಯಲಿ. ಸಗಣೀನೇ ಬೇಕು ಅಂತ ಹಟ ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಪೇರೆಂಟ್ಸ್ ಗ್ರೂಪಿಗೆ ಮೆಸೇಜ್ ಹಾಕಬೇಡಿ. (ಆನ್‌ಲೈನಲ್ಲಿ ಬೆರಣಿ ತರಿಸಿ ಗಿಫ್ಟ್ ಪೇಪರ್ ಸುತ್ತಿ ಕಳಿಸ್ತಾರೆ.)

ಫೋಟೋ ಒಂದು ತೆಗೀಲೇಬೇಕಾ? ತೆಗೀರಿ. ಆದ್ರೆ ಮಗು ನೀರು ಹುಯ್ಯೋ ಹೊತ್ತಿಗೆ ‘ತಡಿ ತಡಿ, ಈ ಕಡೆ ನೋಡು, ನಗು’ ಅಂತ ಚೊಂಬು ಹಿಡಿದಿರೋ ಕೈನ ಗಾಳೀಲೇ ನಿಲ್ಲಿಸ್ತೀರಲ್ಲ, ಅದು ಬೇಡ.

ಅಕ್ಷರ ಯಾವಾಗ ಕಲಿಸೋದು ಅಂತ ತಾನೇ ನಿಮ್ಮ ಪ್ರಶ್ನೆ? ಕಥೇಲೇ ಇದೆಯಲ್ಲ! ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತೀಲಿ ಅಕ್ಷರ ಶುರುವಾಗೋದು ಅ ಆ ಇ ಈ ಇಂದ ಅಲ್ಲ, ರ ಗ ಸ ದ ಅ ಇಂದ. ಕೂಡಿಸಿದ ತಕ್ಷಣ ರಸ, ಸರ, ಅರಸ ಅಂತ ಓದೋಕೆ ಪದ ಸಿಗಲಿ ಅಂತ ಆ ಲೆಕ್ಕ. (‘ನಮ್ಮ ಹುಡುಗಂಗೆ ಅ ಆ ಇ ಈ ಬರಲ್ಲ, ರಗಸ ಅಂತಾನೆ’ ಅಂತ ಜಗಳಕ್ಕೆ ಬರೋ ಅಪ್ಪಂದಿರಿಗೆ ಇದನ್ನೇ ಹೇಳಿ.) ಈಗ ನೋಡಿ: ಕಾಗಕ್ಕನ ಹೊಟ್ಟೇಲಿ ಗ. ಸಗಣೀಲಿ ಸ ಇದೆ, ಗ ಕೂಡ ಇದೆ. ಸಗಣಿ ಅಂದ್ರೆ ಮಕ್ಕಳು ಮೊದಲೇ ಬಿದ್ದು ಬಿದ್ದು ನಗ್ತವೆ. ಇನ್ನು ಮರೆಯೋದುಂಟಾ?

ಈ ನಲಿಕಲಿ ಹುಟ್ಟಿದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲೂಕಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗಳಿಗೆ ಹೋಗಿ ನೋಡ್ಕೊಂಡು ಬಂದ ನಿಮ್ಮಂಥ ಮೇಷ್ಟ್ರುಗಳೇ ಕೂತು ಕಲಿಕೆಯ ಕಾರ್ಡು ಬರೆದ್ರು. ನಲಿಕಲಿ ಕ್ಲಾಸಲ್ಲಿ ಗೋಡೆ ಹಲಗೇನೂ ಮಕ್ಕಳ ಕೈಗೆಟುಕೋ ಹಾಗೆ ಕೆಳಗೇ ಇರುತ್ತೆ. ನಿಮ್ಮ ಬಣ್ಣದ ಚಾರ್ಟು ಎಲ್ಲಿದೆ ಸ್ವಲ್ಪ ತಲೆ ಎತ್ತಿ ನೋಡಿ. ಫ್ಯಾನಿನ ಪಕ್ಕ! ಅದನ್ನ ಓದ್ತಿರೋದು ಹಲ್ಲಿ ಒಂದೇ.

ಇನ್ನು ಓದೋ ವೈಖರಿ. ಪುಸ್ತಕ ನಿಮ್ಮ ಎದೆ ಕಡೆಗೆ, ಮಕ್ಕಳಿಗೆ ಕಾಣೋದು ಹಿಂದಿನ ರಟ್ಟಿನ ಬೆಲೆ ಮಾತ್ರ. ನೆನಪಾಗಿ ಚಿತ್ರ ತೋರಿಸಿದ್ರೂ ರೈಲಿನ ಕಿಟಕೀಲಿ ಸ್ಟೇಷನ್ ಬೋರ್ಡು ಹೋದಂಗೆ ಸರಕ್ಕನೆ ಹೋಯ್ತು. ಬಿಸಿಯೂಟ ಮುಗಿದ ಮೇಲೆ ಓದೋಕೆ ಕೂತು, ಅರ್ಧ ಕ್ಲಾಸು ತೂಕಡಿಸಿದ್ರೆ ‘ಕಥೆ ಎಷ್ಟು ಹಿಡಿಸ್ತು ನೋಡಿ, ಪಿನ್ ಡ್ರಾಪ್ ಸೈಲೆನ್ಸು’ ಅಂತ ಬೇರೆ ಹೇಳ್ಕೊಂಡು ತಿರುಗ್ತೀರಿ!

ಪುಸ್ತಕದಲ್ಲಿ ‘ಗುಬ್ಬಿಯು ಹಾರಿಹೋಯಿತು’ ಅಂತಿದ್ರೆ ಹಂಗೇ ಓದಿ, ‘ಹಾರೋಯ್ತು’ ಮಾಡಬೇಡಿ. ಆ ಕನ್ನಡ ಮನೇಲಿ ಯಾರೂ ಮಾತಾಡಲ್ಲ, ಇಲ್ಲಿ ಕಿವಿಗೆ ಬೀಳದಿದ್ರೆ ಇನ್ನೆಲ್ಲಿ ಬೀಳ್ಬೇಕು? ಪುಟ ಹಾರಿಸೋಕೂ ಹೋಗಬೇಡಿ. ಬೆಲ್ ಹೊಡೆಯೋ ಹೊತ್ತಾಯ್ತು ಅಂತ ಎರಡು ಪುಟ ಒಟ್ಟಿಗೆ ತಿರುವಿದ್ರಿ ಅಂದ್ರೆ, ಅಲ್ಲೀವರೆಗೂ ಮೂಗಲ್ಲಿ ಬೆರಳಿಟ್ಕೊಂಡು ಕೂತಿದ್ದ ಹುಡುಗೀನೇ ಎದ್ದು ನಿಂತು ಕಂಪ್ಲೇಂಟ್ ಹೇಳ್ತಾಳೆ.

ಮತ್ತೆ ಪ್ರಶ್ನೆ ಕೇಳಿ ಎಷ್ಟೊತ್ತು ಕಾಯ್ತೀರಿ? ಮೇರಿ ಬಡ್ ರೋ ಅಂತ ಅಮೆರಿಕದ ಶಿಕ್ಷಣತಜ್ಞೆ ಒಬ್ರು 1970ರ ದಶಕದಲ್ಲಿ ತರಗತಿಗಳ ಟೇಪು ಕೇಳಿ ಲೆಕ್ಕ ಹಾಕಿದ್ರು. ಟೀಚರುಗಳು ಕಾಯ್ತಿದ್ದಿದ್ದು ಸುಮಾರು ಒಂದೇ ಸೆಕೆಂಡು! 3 ಸೆಕೆಂಡು ಕಾದ್ರೆ ಉತ್ತರ ಉದ್ದ ಆಗುತ್ತೆ, ಮಾತೇ ಆಡದ ಮಕ್ಕಳೂ ಬಾಯಿ ಬಿಡ್ತವೆ ಅಂತ ಕಂಡ್ಕೊಂಡ್ರು. ನೀವು ಮಾತ್ರ ‘ಕಾಗಕ್ಕನ ಮನೆ ಯಾತರದು? ಸ... ಸಗ... ಸಗಣೀದು! ವೆರಿಗುಡ್!’ (ವೆರಿಗುಡ್ ಯಾರಿಗೆ ಮಿಸ್?)

ಕಥೆ ಮುಗೀತು, ಪುಸ್ತಕ ಮುಚ್ಚಿದ್ರಿ. ಈಗ ನಿಮ್ಮ ಬಾಯಲ್ಲಿ ಏನು ಬರುತ್ತೆ ಅಂತ ಇಡೀ ಕ್ಲಾಸಿಗೇ ಗೊತ್ತು: ‘ಈ ಕಥೆಯ ನೀತಿ ಏನು?’ ಮುಂದಿನ ಸಾಲಿನ ಜಾಣೆ ‘ಕಷ್ಟದಲ್ಲಿ ಇದ್ದವರಿಗೆ ಸಹಾಯ ಮಾಡಬೇಕು’ ಅಂತ ಒಂದೇ ಉಸಿರಿಗೆ ಒಪ್ಪಿಸ್ತಾಳೆ. ಅವಳು ಎಲ್ಲ ಕಥೆಗೂ ಅದನ್ನೇ ಹೇಳೋದು.

ಹಿಂದೆ ಕೂತಿದ್ದ ಪುಟ್ಟ ಮಾತ್ರ ‘ಮಿಸ್, ಗುಬ್ಬಕ್ಕ ಯಾಕೆ ಬೇಗ ಬಾಗಿಲು ತೆಗೀಲಿಲ್ಲ? ಅವಳಿಗೆ ಕಾಗಕ್ಕನ ಮೇಲೆ ಸಿಟ್ಟಿತ್ತಾ?’ ಅಂದ. ಅದಕ್ಕೆ ‘ಶ್! ಪ್ರಶ್ನೆ ಕೇಳೋದು ನಾನು, ನೀನು ಕೈಕಟ್ಟಿ ಕೂತ್ಕೋ’ ಅಂದೋರು ಯಾರ್ಯಾರು? ಕೈ ಎತ್ತಿ ನೋಡೋಣ. ರಿಜಿಸ್ಟರ್ ಹಿಂದೆ ಮುಖ ಮುಚ್ಕೊಂಡ್ರೆ ನಡೆಯಲ್ಲ, ಕಾಣ್ತಿದ್ದೀರಿ.