ಪ್ರೊಜೆಕ್ಟರ್ ಬಾಡಿಗೆಗೆ ತರಿಸುವ ಸಕಲ ಸಂಘಗಳ ಕಾರ್ಯದರ್ಶಿಗಳಿಗೆ

ಮಾನ್ಯ ಕಾರ್ಯದರ್ಶಿಗಳೇ,

ರಾಜಾಜಿನಗರದ ಬ್ಲಾಕುಗಳಿಂದ ಹಿಡಿದು ಬಸವೇಶ್ವರನಗರ, ವಿಜಯನಗರ ದಾಟಿ ಕೆಂಗೇರಿ ಉಪನಗರದ ಕೊನೆಯ ಅಡ್ಡರಸ್ತೆಯವರೆಗೆ ಹಬ್ಬಿರುವ ಸಮಸ್ತ ಕ್ಷೇಮಾಭಿವೃದ್ಧಿ ಸಂಘ, ಗೆಳೆಯರ ಬಳಗ, ಹಿರಿಯ ನಾಗರಿಕರ ವೇದಿಕೆಗಳಿಗೆ ಒಟ್ಟಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಅಗತ್ಯ ಕಾಣಲಿಲ್ಲ. ನಿಮ್ಮೆಲ್ಲರ ಕಾರ್ಯಕ್ರಮ ನಡೆಯುವುದು ಒಂದೇ ರೀತಿ, ನಿಂತುಹೋಗುವುದೂ ಒಂದೇ ಜಾಗದಲ್ಲಿ. ಸ್ವಾಗತ ಭಾಷಣ ಎಂದೂ ನಿಂತಿಲ್ಲ. ಸನ್ಮಾನ ನಿಂತದ್ದನ್ನು ಕಂಡವರಿಲ್ಲ. ಉಪನ್ಯಾಸಕರು ಗಂಟಲು ಸರಿಮಾಡಿಕೊಂಡು "ಈಗ ಕೆಲವು ಚಿತ್ರಗಳನ್ನು ನೋಡೋಣ" ಎಂದರೆ ಮಾತ್ರ ಸಭೆ ನಿಲ್ಲುತ್ತದೆ.

ನಿಮ್ಮ ಸಂಘಟನಾ ಶಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲದ ಬುಟ್ಟಿ, ಹೆಸರು ಕೆತ್ತಿಸಿದ ನೆನಪಿನ ಕಾಣಿಕೆ ಎಲ್ಲವೂ ಹಿಂದಿನ ದಿನವೇ ಮೇಜಿನ ಮೇಲೆ ಸಾಲಾಗಿ ಕೂತಿರುತ್ತವೆ. ಉದ್ಘಾಟನೆಯ ದೀಪದ ಮಾತೇ ಬೇಡ. ಬತ್ತಿ ಎಣ್ಣೆಯಲ್ಲಿ ನೆನೆದಿರುತ್ತದೆ, ತುದಿಗೆ ಕರ್ಪೂರದ ಪುಡಿ ತಾಗಿಸಿರುತ್ತಾರೆ, ಗಾಳಿ ಬೀಸಿದರೆ ಅಂಗೈ ಅಡ್ಡ ಹಿಡಿಯಲು ಇಬ್ಬರು, ಮೇಣದಬತ್ತಿ ದಾಟಿಸಲು ಒಬ್ಬರು, ಹಚ್ಚಲು ಐವರು ಗಣ್ಯರು, ಆರನೆಯವರನ್ನು ಬಿಟ್ಟರೆ ಮುನಿಸು.

ಅದೇ ವೇದಿಕೆಯ ಮುಂದೆ ಇನ್ನೊಂದು ದೀಪ ಇರುತ್ತದೆ, ಪ್ರೊಜೆಕ್ಟರಿನ ಹೊಟ್ಟೆಯೊಳಗೆ. ಫಿಲಿಪ್ಸ್ ಕಂಪನಿ 1990ರ ದಶಕದಲ್ಲಿ ಬಳಕೆಗೆ ತಂದ ಈ ಬಗೆಯ ದೀಪ ಹೆಬ್ಬೆರಳಿನ ಗಾತ್ರವೂ ಇಲ್ಲ. ಅದರೊಳಗೆ ಪಾದರಸದ ಆವಿ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿರುತ್ತದೆ, ಒಂದು ಮಿಲಿಮೀಟರ್ ಆಸುಪಾಸಿನ ಸಂದಿನಲ್ಲಿ ಕಿಡಿ ಬೆಳಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ಸಾವಿರ ಗಂಟೆ ಬಾಳುತ್ತದೆ. ಹೋದರೆ ಹೊಸತಕ್ಕೆ ಸಾವಿರಗಟ್ಟಲೆ ರೂಪಾಯಿ. ಈ ದೀಪವನ್ನು ಹಚ್ಚಲು ಮಾತ್ರ ಗಣ್ಯರಿರಲಿ, ಒಬ್ಬ ಸದಸ್ಯರೂ ಇರುವುದಿಲ್ಲ.

ಬಾಡಿಗೆಗೆ ಕೊಟ್ಟವನು ಚೀಲ ಇಳಿಸಿ, "ರಾತ್ರಿ ಬಂದು ತಗೊಂಡು ಹೋಗ್ತೀನಿ ಸಾರ್" ಎಂದು ಹೊರಟುಬಿಟ್ಟಿರುತ್ತಾನೆ. ರಿಮೋಟ್ ಅವನ ಜೇಬಿನಲ್ಲೇ ಉಳಿದಿರುತ್ತದೆ. ಉಪನ್ಯಾಸಕರು ಎದ್ದು ನಿಂತ ಮೇಲೆ ನೀವು ಸಭೆಯ ಮೇಲೆ ಕಣ್ಣಾಡಿಸಿ, "ಏ ಪುಟ್ಟಾ, ನೀನು ಇಂಜಿನಿಯರಿಂಗ್ ಅಲ್ವೇನೋ, ಬಾ ಸ್ವಲ್ಪ ನೋಡು" ಎನ್ನುತ್ತೀರಿ. ಪುಟ್ಟ ಓದುತ್ತಿರುವುದು ಸಿವಿಲ್. ಅವನು ಪ್ರೊಜೆಕ್ಟರನ್ನು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು. ಆದರೂ ಬರುತ್ತಾನೆ, ಏಕೆಂದರೆ ಅವರಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಗುಂಡಿ ಒತ್ತಿ, ಲೆನ್ಸಿನ ಮುಚ್ಚಳ ತೆಗೆಯದೆ, ಬೆಳಕು ಯಾಕೆ ಬರುತ್ತಿಲ್ಲವೆಂದು ಎಲ್ಲರೂ ಯೋಚಿಸುತ್ತಿರುವಾಗ ಮುಚ್ಚಳದ ಪ್ಲಾಸ್ಟಿಕ್ ಬಿಸಿಯಾಗುತ್ತಿರುತ್ತದೆ. ಯಾರೋ ಮುಚ್ಚಳ ಕಂಡು ಕಿತ್ತರೆ ಬೆಳಕು ನೇರ ಮಕ್ಕಳ ಕಣ್ಣಿಗೆ. ಅವು ಲೆನ್ಸಿನೊಳಗೆ ಇಣುಕುತ್ತಾ ಅಲ್ಲೇ ನಿಂತಿದ್ದವು, ಓಡಿಸುವ ಕೆಲಸವೂ ಯಾರದ್ದೂ ಅಲ್ಲವಲ್ಲ.

ಇಡುವ ಜಾಗದ ವಿಷಯಕ್ಕೆ ಬರೋಣ. ಸಾಮಾನ್ಯ ಪ್ರೊಜೆಕ್ಟರಿಗೆ ಚಿತ್ರದ ಅಗಲದ ಸುಮಾರು ಒಂದೂವರೆ ಪಟ್ಟು ದೂರ ಬೇಕು. ಏಳು ಅಡಿ ಅಗಲದ ಪರದೆಯಾದರೆ ಹತ್ತು ಹನ್ನೊಂದು ಅಡಿ ಹಿಂದೆ, ಪರದೆಯ ನಟ್ಟನಡುವಿಗೆ ಎದುರಾಗಿ. ದುರದೃಷ್ಟಕ್ಕೆ ಆ ಬಿಂದುವಿನಲ್ಲಿ ನಿಮ್ಮ ಗಣ್ಯರ ಸೋಫಾ ಇರುತ್ತದೆ. ಸೋಫಾ ಸರಿಸಿ ಎಂದು ಮಾಜಿ ಕಾರ್ಪೊರೇಟರಿಗೆ ಹೇಳುವ ಧೈರ್ಯ ಭೌತಶಾಸ್ತ್ರಕ್ಕೂ ಇಲ್ಲ. ಹಾಗಾಗಿ ಪ್ರೊಜೆಕ್ಟರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಹೋಗುತ್ತದೆ. ಎತ್ತರ ಸಾಲದು. ಆಗ ಒಳಗಿನಿಂದ ಬರುತ್ತವೆ ನಿಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳು. ಅವು ಮಾರಾಟವಾಗದೆ ಕೊಳೆಯುತ್ತಿವೆ ಎಂದು ವಾರ್ಷಿಕ ಮಹಾಸಭೆಯಲ್ಲಿ ಆಕ್ಷೇಪ ಎತ್ತಿದವರು ದಯವಿಟ್ಟು ಈ ಉಪಯೋಗವನ್ನು ಗಮನಿಸಬೇಕು. ಮುಂಭಾಗಕ್ಕೆ ಮೂರು ಸಂಚಿಕೆ ತುರುಕಿದರೆ ಚಿತ್ರ ಪರದೆಯ ಮೇಲೇರುತ್ತದೆ. ಜೊತೆಗೆ ಕೆಳಗಿನ ಗಾಳಿಕಿಂಡಿಯೂ ಮುಚ್ಚುತ್ತದೆ. ಒಳಗಿನ ಫ್ಯಾನು ಕೂಗಲಾರಂಭಿಸುತ್ತದೆ, ಎಚ್ಚರಿಕೆಯ ಕೆಂಪು ದೀಪ ಮಿನುಗುತ್ತದೆ. ಕುರ್ಚಿಯ ಬಳಿ ಕೂತ ಹಿರಿಯರೊಬ್ಬರು ಅದರ ಬಿಸಿಗಾಳಿಯಲ್ಲಿ ಕಾಲು ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ಹೀಗೆ ಓರೆಯಾಗಿ, ಕೆಳಗಿನಿಂದ ಮೇಲಕ್ಕೆ ಬಿದ್ದ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು. ಸಂಸ್ಥಾಪಕ ಅಧ್ಯಕ್ಷರ ಭಾವಚಿತ್ರದಲ್ಲಿ ಹಣೆ ಹಬ್ಬಿ ಗದ್ದ ಚೂಪಾಗಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದೆವು. ಕೀಸ್ಟೋನ್ ಎಂಬ ಗುಂಡಿ ಒತ್ತಿದರೆ ನೇರವಾಗುತ್ತದೆ ಎಂದು ಪುಟ್ಟ ಕೊನೆಗೂ ಕಂಡುಹಿಡಿದ. ಆಗುತ್ತದೆ, ನಿಜ. ಆದರೆ ಯಂತ್ರ ಚಿತ್ರವನ್ನೇ ಒಳಗೆ ಕುಗ್ಗಿಸಿ ಅಂಚು ಕಳೆದು ನೇರ ಮಾಡುವುದರಿಂದ ಸಣ್ಣ ಅಕ್ಷರಗಳು ಮಬ್ಬಾಗುತ್ತವೆ. ಸೋಫಾ ನಾಲ್ಕಡಿ ಸರಿದಿದ್ದರೆ ಇದಾವುದೂ ಬೇಕಿರಲಿಲ್ಲ.

ಈಗ 2023ರ ಆಗಸ್ಟ್ 23ರ ಸಂಜೆಯನ್ನು ನೆನಪಿಸದೆ ಇರಲಾರೆ. ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದದ್ದು 6 ಗಂಟೆ 4 ನಿಮಿಷಕ್ಕೆ. ಇಳಿಸಿದವರು ಕೂತಿದ್ದದ್ದು ನಮ್ಮ ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಲ್ಲಿ, ರಾಜಾಜಿನಗರದಿಂದ ಕೆಲವೇ ಕಿಲೋಮೀಟರ್. ಆ ಹೆಮ್ಮೆಯಲ್ಲಿ ನೀವು ಪಾರ್ಕಿನಲ್ಲಿ ನೇರಪ್ರಸಾರ ಏರ್ಪಡಿಸಿದಿರಿ. ಆ ದಿನ ಬೆಂಗಳೂರಿನಲ್ಲಿ ಸೂರ್ಯ ಮುಳುಗಲು 6.04ಕ್ಕೆ ಇನ್ನೂ ಸುಮಾರು ಅರ್ಧ ಗಂಟೆ ಬಾಕಿ ಇತ್ತೆಂಬುದು ಸಮಿತಿಯ ಸಭೆಯಲ್ಲಿ ಚರ್ಚೆಗೆ ಬಂದಿರಲಿಲ್ಲವೆಂದು ಕಾಣುತ್ತದೆ. 3000 ಲ್ಯೂಮೆನ್ನಿನ ಪ್ರೊಜೆಕ್ಟರಿನ ಬೆಳಕನ್ನೆಲ್ಲ 100 ಇಂಚಿನ ಪರದೆಗೆ ಹರಡಿದರೆ ಸಿಗುವುದು ಸುಮಾರು 1000 ಲಕ್ಸ್. ಬಯಲಿನ ಹಗಲು ಬೆಳಕು ಅದರ ಹಲವು ಪಟ್ಟು. ನೀವು ಅಷ್ಟಕ್ಕೇ ತೃಪ್ತರಾಗದೆ, ಪರದೆ ಚಿಕ್ಕದಾಯಿತೆಂದು ನಿಷೇಧವಾದ ಮೇಲೂ ಎಲ್ಲರ ಮನೆಯಲ್ಲಿ ಸಿಗುವ ಫ್ಲೆಕ್ಸ್ ಒಂದನ್ನು ಹಿಂದುಮುಂದು ಮಾಡಿ ಕಟ್ಟಿಸಿದಿರಿ. ಅಗಲವೂ ಎತ್ತರವೂ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದು ನಾವು ಕಂಡದ್ದು ಚಂದ್ರನ ದಕ್ಷಿಣ ಧ್ರುವವಲ್ಲ, ಫ್ಲೆಕ್ಸಿನ ಆ ಬದಿಯಿಂದ ಕೈಮುಗಿದು ನಗುತ್ತಿದ್ದ ಮುಖಂಡರೊಬ್ಬರನ್ನು. ಲ್ಯಾಂಡರ್ ಇಳಿದದ್ದು ಎಲ್ಲರ ಮೊಬೈಲಿನಲ್ಲಿ.

ಅಷ್ಟಾದರೂ ಅಂದು ಏನೋ ಒಂದು ಕಾಣಿಸಿತು. ಉಳಿದ ದಿನ ಕಾಣುವುದು ನೀಲಿ ಹಿನ್ನೆಲೆ, ಅದರಲ್ಲಿ ತೇಲುವ 'ನೋ ಸಿಗ್ನಲ್'. ಕೆಂಗೇರಿ ದಾಟಿ ಆಚೆ ಹೋದರೆ ಬ್ಯಾಲಾಳು ಗ್ರಾಮದಲ್ಲಿ ಇಸ್ರೋದ 32 ಮೀಟರ್ ಅಗಲದ ಡಿಶ್ ಆಂಟೆನಾ ಇದೆ. 2008ರ ಮೊದಲ ಚಂದ್ರಯಾನದ ಕಾಲದಿಂದ ಅದು ಸುಮಾರು 3,84,000 ಕಿಲೋಮೀಟರ್ ದೂರದಿಂದ ಬರುವ ಕ್ಷೀಣ ಸಂಕೇತವನ್ನು ಹಿಡಿದು ಕೊಡುತ್ತಿದೆ. ನಮ್ಮ ಸಭಾಂಗಣದಲ್ಲಿ ಸಂಕೇತ ಸಾಗಬೇಕಾದ ದೂರ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ, ಹತ್ತು ಅಡಿ. ಕಾರಣಗಳೂ ಖಗೋಳದವಲ್ಲ. ಬಾಡಿಗೆಯವನು ಕೊಟ್ಟದ್ದು ವಿಜಿಎ ಕೇಬಲ್, ಐಬಿಎಂ ಕಂಪನಿ 1987ರಲ್ಲಿ ತಂದದ್ದು, ಹದಿನೈದು ಪಿನ್ನು, ಅದರಲ್ಲಿ ಎರಡು ಬಾಗಿವೆ. ಉಪನ್ಯಾಸಕರ ಲ್ಯಾಪ್‌ಟಾಪಿನಲ್ಲಿರುವುದು ಎಚ್‌ಡಿಎಂಐ ಕಿಂಡಿ. ಅವರ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಅದೂ ಇಲ್ಲ, ಯುಎಸ್‌ಬಿ-ಸಿ ಮಾತ್ರ. ನೂರು ರೂಪಾಯಿ ಚಿಲ್ಲರೆಯಿಂದ ಶುರುವಾಗುವ ಕನ್ವರ್ಟರ್ ಒಂದು ಸಂಘದ ಬೀರುವಿನಲ್ಲಿ ಇದ್ದರೆ ಮುಗಿಯಿತು. ಬೀರುವಿನಲ್ಲಿ ಹದಿನೆಂಟು ಶಾಲುಗಳಿವೆ. ಕೇಬಲ್ ಸರಿಯಿದ್ದ ದಿನ ಪ್ರೊಜೆಕ್ಟರಿನಲ್ಲಿ ಸೋರ್ಸ್ ಬದಲಿಸಬೇಕು, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಬೇಕು. ಒತ್ತಿದ ಕೂಡಲೇ ಇಡೀ ಸಭೆಗೆ ಕಂಡದ್ದು, "ರೀ, ಬರೋವಾಗ ನಂದಿನಿ ನೀಲಿ ಪ್ಯಾಕೆಟ್ ಎರಡು ತನ್ನಿ, ಭಾಷಣ ಜಾಸ್ತಿ ಎಳೀಬೇಡಿ" ಎಂಬ ವಾಟ್ಸಾಪ್ ಸಂದೇಶ. ಆ ಸಂಜೆಯ ಅತ್ಯಂತ ಸ್ಫುಟವಾದ ಕನ್ನಡ ಅದೇ.

ಏಕೆಂದರೆ ಮುಂದೆ ಬಂದ ಸ್ಲೈಡುಗಳು ಕನ್ನಡವಾಗಿರಲಿಲ್ಲ. ರಾಜ್ಯೋತ್ಸವದ ವಿಶೇಷ ಉಪನ್ಯಾಸ, ವಿಷಯ ಕನ್ನಡದ ಅಸ್ಮಿತೆ. ಪರದೆಯ ತುಂಬ ತಲೆಯ ಮೇಲೆ ಚುಕ್ಕಿ, ಗೀಟು, ಟೋಪಿ ಹೊತ್ತ ಯುರೋಪಿನ ಅಕ್ಷರಗಳು. ಉಪನ್ಯಾಸಕರು ಮನೆಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಸಿದ್ದರು. ಅಂಥ ಫಾಂಟುಗಳು ಇಂಗ್ಲಿಷ್ ಮತ್ತಿತರ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ಆ ಫಾಂಟು ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬಾಡಿಗೆದಾರರು ಖಾಲಿ ಮಾಡಿ ಮನೆಯ ಮಾಲೀಕರು ಕಾಣಿಸಿಕೊಳ್ಳುತ್ತಾರೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದೆ. ಅಷ್ಟು ಬೇಡವೆಂದರೆ ಪಿಡಿಎಫ್ ಮಾಡಿ ತಂದರೂ ಫಾಂಟು ಜೊತೆಯಲ್ಲೇ ಬರುತ್ತದೆ. ಇದನ್ನು ಅತಿಥಿಗಳಿಗೆ ಫೋನಿನಲ್ಲಿ ಹೇಳುವ ಕೆಲಸ ಯಾರದ್ದು? ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆಯೇ ಎಂದು ಅವರನ್ನು ಎರಡು ಸಲ ಕೇಳಿದ್ದೀರಿ.

ಇಲ್ಲಿಯವರೆಗಿನದು ನಗುವ ವಿಷಯ. ಕರೆಂಟಿನದು ಹಾಗಲ್ಲ. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಪ್ರೊಜೆಕ್ಟರ್, ಆರ್ಕೆಸ್ಟ್ರಾದ ಆಂಪ್ಲಿಫೈಯರ್, ಎರಡು ಫೋಕಸ್ ಲೈಟು, ಹಿಂದಿನಿಂದ ಕಾಫಿ ಬಾಯ್ಲರು. ಬಾಕ್ಸು ಮುಟ್ಟಿದರೆ ಬೆಚ್ಚಗಿರುತ್ತದೆ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನು ಅರ್ಥಿಂಗಿಗೆ. ಸಾಕೆಟ್ಟಿಗೆ ಹೊಂದಲಿಲ್ಲವೆಂದು ಎರಡು ಪಿನ್ನಿನ ಕನ್ವರ್ಟರ್ ಹಾಕಿ ಅದನ್ನು ನಿವೃತ್ತಿಗೊಳಿಸಿರುತ್ತೀರಿ. ವೈರು ಮಹಿಳೆಯರ ಸಾಲಿನ ಅಡ್ಡಕ್ಕೆ, ನೆಲದಿಂದ ನಾಲ್ಕು ಇಂಚು ಮೇಲೆ. ಅದನ್ನು ಗೋಡೆಯಂಚಿಗೆ ತಂದು ಟೇಪು ಅಂಟಿಸಲು ಎರಡು ನಿಮಿಷ ಸಾಕು. ನವೆಂಬರ್ ಹಿಂಗಾರಿನ ತಿಂಗಳು, ಶಾಮಿಯಾನ ಸೋರುತ್ತದೆ, ಜಾಯಿಂಟು ಹಾಕಿ ಸುತ್ತಿದ ವೈರು ಒದ್ದೆ ಹುಲ್ಲಿನ ಮೇಲೆ ಬಿದ್ದಿರುತ್ತದೆ, ಅದರಲ್ಲಿ ಹರಿಯುತ್ತಿರುವುದು 230 ವೋಲ್ಟ್. ಬೀದಿ ಕಂಬದಿಂದ ಕೊಕ್ಕೆ ಹಾಕುವ ಬದಲು ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಇಎಲ್‌ಸಿಬಿ ಹಾಕಿಸಿ. ಹಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಆದೀತು.

ನವರಂಗದಲ್ಲೋ ಮಾಗಡಿ ರಸ್ತೆಯ ವೀರೇಶದಲ್ಲೋ ಸಿನಿಮಾ ನೋಡಿ ಬೆಳೆದವರು ನೀವು. ಹಳೆಯ ಚಿತ್ರಮಂದಿರಗಳಲ್ಲಿ ಪ್ರೊಜೆಕ್ಟರಿಗೆ ಪ್ರತ್ಯೇಕ ಕ್ಯಾಬಿನ್ ಇರುತ್ತಿತ್ತು, ಬೆಂಕಿ ತಡೆಯುವ ಗೋಡೆ, ಅವಘಡವಾದರೆ ಕಿಂಡಿಯ ಮೇಲೆ ಬೀಳುವ ಕಬ್ಬಿಣದ ಮುಚ್ಚಳ, ಲೈಸೆನ್ಸ್ ಇರುವ ಆಪರೇಟರ್. ಹಿಂದಿನ ಕಾಲದ ನೈಟ್ರೇಟ್ ರೀಲು ಒಮ್ಮೆ ಹೊತ್ತಿಕೊಂಡರೆ ನೀರೊಳಗೂ ಉರಿಯುತ್ತಿತ್ತು, ಹಾಗಾಗಿ ಆ ಕಟ್ಟುನಿಟ್ಟು. ಚಿತ್ರ ಒಂದು ಕ್ಷಣ ಮಬ್ಬಾದರೆ ಮುಂದಿನ ಬೆಂಚಿನವರು ಆಪರೇಟರಿನ ವಂಶಾವಳಿಯನ್ನೇ ಜಾಲಾಡುತ್ತಿದ್ದರು. ಅದೇ ಜನ ಈಗ ನಿಮ್ಮ ಸಭೆಯಲ್ಲಿ ಇಪ್ಪತ್ತು ನಿಮಿಷ ನೀಲಿ ಪರದೆ ನೋಡುತ್ತಾ ಸುಮ್ಮನೆ ಕೂರುತ್ತಾರೆ. ಟಿಕೆಟ್ ಇಲ್ಲದ ಪ್ರೇಕ್ಷಕನಿಗೆ ಶಿಳ್ಳೆ ಹಾಕುವ ಹಕ್ಕೂ ಇಲ್ಲ.

ವಂದನಾರ್ಪಣೆ ಮುಗಿಯುತ್ತಿದ್ದಂತೆ ಶಾಮಿಯಾನದವನಿಗೆ ಆತುರ. ಖಾರಾಬಾತ್ ಕೌಂಟರಿಗೆ ಲೈಟು ಬೇಕು, ಗೋಡೆಯ ಪ್ಲಗ್ಗು ಸೆಳೆದುಬಿಡುತ್ತಾನೆ. ದೀಪವಿರುವ ಪ್ರೊಜೆಕ್ಟರನ್ನು ಅದರ ಗುಂಡಿಯಿಂದಲೇ ಆರಿಸಬೇಕು. ಆಮೇಲೂ ಒಂದೆರಡು ನಿಮಿಷ ಫ್ಯಾನು ತಿರುಗುತ್ತಿರುತ್ತದೆ, ಅದು ತಾನಾಗಿ ನಿಂತ ಮೇಲೆ ಪ್ಲಗ್ಗು ಕೀಳಬೇಕು, ತಣ್ಣಗಾದ ಮೇಲೆ ಚೀಲಕ್ಕೆ ಹಾಕಬೇಕು. ಸೆಳೆದರೆ ಕಾವು ಒಳಗೇ ಸಿಕ್ಕಿಕೊಂಡು ದೀಪದ ಆಯುಷ್ಯ ಕಡಿಮೆಯಾಗುತ್ತದೆ. ಎಂದಾದರೂ ಒಳಗಿನಿಂದ ಠಪ್ ಎಂದು ಶಬ್ದ ಬಂದರೆ ಪುಟ್ಟನನ್ನು ಬಗ್ಗಿ ನೋಡಲು ಕಳಿಸಬೇಡಿ. ಗಾಜೂ ಪಾದರಸದ ಆವಿಯೂ ಹೊರಬಂದಿರುತ್ತವೆ. ಕಿಟಕಿ ಬಾಗಿಲು ತೆರೆದು ಜನರನ್ನು ಹೊರಗೆ ಕರೆದುಕೊಂಡು ಹೋಗಿ.

ಈ ಸಲದ ರಾಜ್ಯೋತ್ಸವಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಆಹ್ವಾನ ಪತ್ರಿಕೆಯಲ್ಲಿ ಪ್ರಾರ್ಥನೆ, ಸ್ವಾಗತ, ನಿರೂಪಣೆಗಳ ಕೆಳಗೆ ಪ್ರೊಜೆಕ್ಟರ್ ನಿರ್ವಹಣೆ ಎಂದು ಒಂದು ಸಾಲು ಮುದ್ರಿಸಿ, ಮುಂದೆ ಒಬ್ಬರ ಹೆಸರು ಹಾಕಿ. ಅವರು ಒಂದು ಗಂಟೆ ಮೊದಲು ಬಂದು, ಅತಿಥಿಗಳ ಕಡತವನ್ನು ಅದೇ ಲ್ಯಾಪ್‌ಟಾಪಿನಲ್ಲಿ ತೆರೆದು ಕೊನೆಯ ಸಾಲಿನಿಂದ ಓದಲಾಗುತ್ತದೆಯೇ ನೋಡಲಿ. ಸೋಫಾ ಸರಿಸುವ ಅಧಿಕಾರವನ್ನು ಕಾರ್ಯಕಾರಿ ಸಮಿತಿ ಠರಾವು ಮಾಡಿ ಅವರಿಗೆ ಕೊಡಲಿ. ಕೊನೆಯಲ್ಲಿ ಒಂದು ಶಾಲನ್ನೂ ಹೊದಿಸಿ, ಬೀರುವಿನಲ್ಲಿ ಇದೆ.

ಇಷ್ಟು ಆಗುವುದಿಲ್ಲವೆಂದರೆ ಪ್ರೊಜೆಕ್ಟರ್ ತರಿಸಬೇಡಿ. ಉಪನ್ಯಾಸಕರು ಬಾಯಲ್ಲೇ ಹೇಳಲಿ, ನಾವು ಕೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೊನೆಯ ಸಾಲಿನ ಪ್ರೇಕ್ಷಕ, ವಿಜಯನಗರ