ಓರ್ಲಾಂಥಿ ಕುಲವ್ಯವಸ್ಥೆಯಲ್ಲಿ ಬಾಲಪಶುಪಾಲಕ-ದೈವಸಂಬಂಧದ ಸಂಕಥನ: ಒಂದು ಬಹುಶಿಸ್ತೀಯ ಪ್ರವೇಶಿಕೆ

ಕುರಿ ಕಾಯುವ ಹುಡುಗನನ್ನು ಕುರಿ ಕಾಯುವ ಹುಡುಗ ಎಂದು ಕರೆಯುವ ಸರಳೀಕರಣವನ್ನು ಪ್ರಸ್ತುತ ಪ್ರಬಂಧವು ಆರಂಭದಲ್ಲಿಯೇ ನಿರಾಕರಿಸುತ್ತದೆ. ಅವನು 'ಚಲನಶೀಲ ಪಾವಿತ್ರ್ಯದ ಅಪ್ರಾಪ್ತವಯಸ್ಕ ವಾಹಕ'. ಕುರಿ 'ಉಣ್ಣೆಯುಕ್ತ ಸಾಂಸ್ಕೃತಿಕ ಬಂಡವಾಳ'. ಕೋಲು, ಅಧಿಕಾರದ ಲಂಬರೂಪಿ ಸಂಕೇತ. ಬುತ್ತಿಗಂಟಿನ ಕುರಿತು ಪ್ರತ್ಯೇಕ ವಿಚಾರಸಂಕಿರಣವೇ ಆಗಬೇಕಾದ ತುರ್ತಿದೆ.

ಅಧ್ಯಯನದ ವ್ಯಾಪ್ತಿ. ಅಮೆರಿಕದ ಗ್ರೆಗ್ ಸ್ಟಾಫರ್ಡ್ 1966ರಲ್ಲಿ ಬರೆಯತೊಡಗಿದ, ಮುಂದೆ 1978ರ 'ರೂನ್‌ಕ್ವೆಸ್ಟ್' ಆಟದಲ್ಲೂ 1999ರ ಕಂಪ್ಯೂಟರ್ ಆಟ 'ಕಿಂಗ್ ಆಫ್ ಡ್ರ್ಯಾಗನ್ ಪಾಸ್'ನಲ್ಲೂ ಬೆಳೆದ ಗ್ಲೊರಾಂಥ ಎಂಬ ಕಲ್ಪಿತ ಲೋಕ. ಅಲ್ಲಿನ ಗುಡ್ಡಗಾಡಿನ ಜನ ಓರ್ಲಾಂಥಿಗಳು. ಗಾಳಿ-ಗುಡುಗಿನ ಓರ್ಲಾಂಥ್ ಅವರ ದೇವರು, ಭೂಮಿತಾಯಿ ಎರ್ನಾಲ್ಡಾ ಅವನ ಹೆಂಡತಿ. ದನವೇ ಐಶ್ವರ್ಯ, ಪಕ್ಕದ ಕುಲದ ದನ ಹೊಡೆದುಕೊಂಡು ಬರುವುದು ಗಂಡಸುತನ. ಜನರೂ ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದಾರೆ: ಉಳುವ ಎತ್ತುಗಳಿರುವ ಕಾರ್ಲ್, ಅವನ ಕೆಳಗೆ ಕುರಿ ನೋಡಿಕೊಳ್ಳುವ ಕಾಟರ್, ಎಲ್ಲರ ಕೆಳಗೆ ತೊತ್ತು. ಮಕ್ಕಳ ಪಾಲಿಗೂ ದೇವರಿದ್ದಾರೆ. ಹುಡುಗರಿಗೆ ಕುರಿಗಾಹಿ ವೋರಿಯಾಫ್, ಹುಡುಗಿಯರಿಗೆ ವಸಂತದ ವೋರಿಯಾ. ದೀಕ್ಷೆಯಾಗಿ ದೊಡ್ಡವರ ಸಾಲಿಗೆ ಸೇರುವ ತನಕ ದೊಡ್ಡ ದೇವರ ಪಂಥ ಅವರಿಗಿಲ್ಲ.

(ಇಷ್ಟು ಹೇಳಲು ಒಂದು ಪ್ಯಾರಾ ಸಾಕಾಯಿತು ಎಂಬುದು ಈ ಪ್ರಬಂಧದ ಗಂಭೀರ ವೈಧಾನಿಕ ದೋಷ.)

ವರ್ಗೀಕರಣ. ಬಾಲಪಶುಪಾಲಕರಲ್ಲಿ ಹನ್ನೆರಡು ವಿಧ. ಮಂದೆಯ ಮುಂದೆ ನಡೆಯುವವನು 'ಅಗ್ರಗಾಮಿ'. ಇವನು ದೇವರ ಅನುಕೃತಿ. ಹಿಂದೆ ಬರುವವನು 'ಪೃಷ್ಠಗಾಮಿ'. ಇವನು ದೂಳು ಕುಡಿಯುತ್ತಾನೆ. ಬಂಡೆಯ ಮೇಲೆ ಒರಗಿದವನು 'ಸ್ಥಿತಪ್ರಜ್ಞ'. ಇದರ ಉಪವರ್ಗ, ತೋಳ ಬಂದುಹೋದ ಮೇಲೆ ಎದ್ದವನು. ನಾಲ್ಕನೆಯದು 'ಸಂಕ್ರಮಣಶೀಲ ಉಭಯಗಾಮಿ'... ಇನ್ನೆಂಟು ಯಾರಿಗೆ ಬೇಕು ಬಿಡಿ. ಹನ್ನೆರಡೂ ಒಬ್ಬನೇ ಹುಡುಗ, ಒಂದೇ ದಿನದಲ್ಲಿ.

ಇನ್ನು 'ಸಾಯಂಕಾಲೀನ ಸಂಖ್ಯಾವಿಧಿ'. ಹೊತ್ತು ಮುಳುಗುವಾಗ ಹುಡುಗ ರೊಪ್ಪದ ಬಾಗಿಲಲ್ಲಿ ಕಾಲು ಅಡ್ಡ ಕೊಟ್ಟು ನಿಂತು, ಒಂದೊಂದನ್ನೇ ಒಳಗೆ ಬಿಡುತ್ತ ಬೆರಳು ಮಡಚುತ್ತಾನೆ. ಎರಡು ಮರಿ ಒಟ್ಟಿಗೆ ನುಗ್ಗಿ ಲೆಕ್ಕ ತಪ್ಪುತ್ತದೆ. ಎಲ್ಲವನ್ನೂ ಹೊರಗಟ್ಟಿ ಮತ್ತೆ ಮೊದಲಿನಿಂದ. ಈ ಸಲ ಒಂದು ಕಡಿಮೆ. ಅವನ ಗಂಟಲು ಒಣಗುತ್ತದೆ. ವೋರಿಯಾಫನೋ, ನಮ್ಮ ಕಡೆಯ ಬೀರಪ್ಪನೋ ಜುಂಜಪ್ಪನೋ, ಬಾಯಿಗೆ ಬಂದ ದೇವರನ್ನು ಕರೆಯುತ್ತಾನೆ. ನಾನು ಕೂತು ಕೇಳಿದ ಒಂದು ಸಂಕಿರಣದಲ್ಲಿ ವಿದ್ವಾಂಸರೊಬ್ಬರು ಇಂಥದ್ದನ್ನೇ 'ನಿಸರ್ಗ-ದೈವಗಳೊಂದಿಗೆ ಬಾಲ್ಯದ ಅಖಂಡ ಅನುಸಂಧಾನ' ಎಂದರು. ಮುಂದಿನ ಸಾಲಿನವರು ತಲೆದೂಗಿದರು, ಒಬ್ಬರು ಬರೆದುಕೊಂಡರು ಕೂಡ. ಅನುಸಂಧಾನವಲ್ಲ ಸ್ವಾಮೀ, ಹೊಡೆತದ ಹೆದರಿಕೆ ಅದು! ಕಳೆದ ಕುರಿಯ ಬೆಲೆ ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ಒಬ್ಬರಾದರೂ ಕೇಳಬಾರದಿತ್ತೇ?

ಸ್ಟಾಫರ್ಡ್ ಕಟ್ಟಿದ್ದು ಕಟ್ಟುಕತೆ, ಆದರೂ ಅದರಲ್ಲೊಂದು ಪ್ರಾಮಾಣಿಕತೆಯಿದೆ. ಹುಡುಗನಿಗೆ ದೇವರನ್ನು ಕೊಟ್ಟವನು, ಅವನು ನಿಂತ ಕೆಳಗಿನ ಮೆಟ್ಟಿಲನ್ನು ಮುಚ್ಚಿಡಲಿಲ್ಲ. ನಮ್ಮ ಪಂಡಿತರು ಮೆಟ್ಟಿಲನ್ನು ಅಳಿಸಿ ದೇವರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಹಳೆಯ ರೂಢಿಯೂ ಹಾಗೇ ಇತ್ತೇನೋ. ತುರುಗೊಳ್‌ನಲ್ಲಿ, ದನಕ್ಕಾಗಿ ನಡೆದ ಕಾಳಗದಲ್ಲಿ, ಕಾದು ಮಡಿದವನಿಗೆ ವೀರಗಲ್ಲು ನಿಲ್ಲಿಸಿದರು. ಕೆಳಪಟ್ಟಿಕೆಯಲ್ಲಿ ದನಗಳ ಸಾಲು, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಆ ದನಗಳನ್ನು ನಿನ್ನೆಯವರೆಗೂ ಮೇಯಿಸಿದವನ್ಯಾರೆಂದು ನಾನು ನೋಡಿದ ಯಾವ ಕಲ್ಲೂ ಹೇಳಲಿಲ್ಲ.

ನಮ್ಮ ದೇಶದಲ್ಲಿ ಜೀತ ರದ್ದಾದದ್ದು 1976ರ ಕಾಯ್ದೆಯಲ್ಲಿ. 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಕೂಡದು ಎಂದ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯೇ, ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಕಸುಬಿಗೆ ಕೈಜೋಡಿಸಬಹುದು ಎಂದು ಒಂದು ಕಿಂಡಿಯನ್ನೂ ಬಿಟ್ಟಿತು. ಕುರಿಗೆ ಶಾಲೆಯ ವೇಳಾಪಟ್ಟಿ ಓದಲು ಬರುವುದಿಲ್ಲ, ಬೆಳಿಗ್ಗೆ ಹತ್ತಕ್ಕೂ ಹಸಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್‌ನ 2020ರ ಅಂದಾಜಿನಂತೆ ಲೋಕದಲ್ಲಿ ದುಡಿಯುತ್ತಿದ್ದ ಮಕ್ಕಳು 16 ಕೋಟಿ, ಅವರಲ್ಲಿ ಶೇ. 70ರಷ್ಟು ಮಂದಿ ಬೇಸಾಯ, ಪಶುಪಾಲನೆಯಂಥ ಕೆಲಸಗಳಲ್ಲಿ. ಇಷ್ಟೊಂದು ಅನುಸಂಧಾನಕ್ಕೆ ಸಾಲುವಷ್ಟು ದೇವರುಗಳನ್ನು ಎಲ್ಲಿಂದ ತರುವುದು?

ಓರ್ಲಾಂಥಿ ಹುಡುಗನಿಗೆ ಒಂದು ದಿನ ದೀಕ್ಷೆಯಾಗುತ್ತದೆ, ಕುಲದ ಸಭೆಯಲ್ಲಿ ಅವನಿಗೂ ಜಾಗ ಸಿಗುತ್ತದೆ. ನಮ್ಮಲ್ಲಿ ಅಪ್ಪ ತಂದ ಸಾಲಕ್ಕೆ ಕುರಿ ಹಿಂದೆ ಹೋದವನಿಗೆ ಮೊದಲು ಸಾಲ ತೀರಬೇಕು. ತೀರುವಷ್ಟರಲ್ಲಿ ಅಕ್ಕನ ಮದುವೆಗೆ ಇನ್ನೊಂದು ಸಾಲ, ತಮ್ಮನ ಸರದಿ. ಸಂಕಿರಣಕ್ಕೆ ಅಂಥವನೊಬ್ಬನನ್ನು ಕರೆಸಿ ಎರಡು ಮಾತು ಕೇಳಬೇಕೆಂದು ಸಂಘಟಕರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಧಣಿ ಬಿಡುತ್ತಿರಲಿಲ್ಲ.